ಉಳಿದ ಒಂದು ಪಾವು

ಡಿ.ಎಲ್.ಇಡಿ ಮತ್ತು ಬಿ.ಇಡಿ ತರಗತಿಗಳಲ್ಲಿ ಪ್ರಶಿಕ್ಷಣಾರ್ಥಿಗಳು ಗುಂಪಾಗಿ ಕೂತು ಲೆಕ್ಕ ಬಿಡಿಸುವುದು, ಬಿಡಿಸಿದ್ದನ್ನು ಒಬ್ಬರಿಗೊಬ್ಬರು ಕಲಿಸುವುದು ಈಗ ಹಲವು ಕಡೆ ನಡೆಯುತ್ತಿದೆ. ಅದರ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಪುಟಗಳು ಮೀಸಲು. ಉತ್ತರಿಸುತ್ತಿರುವ ನಾನು ಬಹುಕಾಲ ಶಿಕ್ಷಕರ ತರಬೇತಿಯಲ್ಲಿ ಗಣಿತ ಬೋಧನೆ ಕಲಿಸಿ ನಿವೃತ್ತಳಾದವಳು.

ಮೇಡಂ, ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಡಿ.ಎಲ್.ಇಡಿ ಸೇರಿದ್ದೇನೆ. ಗಣಿತ ತರಗತಿಯಲ್ಲಿ ನಾಲ್ಕು ಜನರ ಗುಂಪು ಮಾಡಿ ಲೆಕ್ಕ ಕೊಡುತ್ತಾರೆ. ನಮ್ಮ ಗುಂಪಿನಲ್ಲಿ ವಿಜ್ಞಾನ ಓದಿದವಳು ಒಬ್ಬಳಿದ್ದಾಳೆ. ನಾವು ಲೆಕ್ಕ ಓದಿ ಮುಗಿಸುವಷ್ಟರಲ್ಲಿ ಅವಳು ಬಿಡಿಸಿರುತ್ತಾಳೆ. ಆಮೇಲೆ ನಮಗೆ ಹೇಳಿಕೊಡುತ್ತಾಳೆ. ಒಳ್ಳೆಯ ಹುಡುಗಿ, ಎಷ್ಟು ಸಲ ಕೇಳಿದರೂ ಬೇಸರ ಪಡುವುದಿಲ್ಲ. ಆದರೆ ಅವಳು ಹೇಳುವಾಗ ಅರ್ಥವಾದದ್ದು ಹಾಸ್ಟೆಲಿಗೆ ಬರುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ನಾನು ಗಣಿತ ಕಲಿಸಲು ಯೋಗ್ಯಳೇ?
— ಪ್ರಥಮ ವರ್ಷದ ಪ್ರಶಿಕ್ಷಣಾರ್ಥಿ, ಹಾವೇರಿ ಜಿಲ್ಲೆ

ಯೋಗ್ಯತೆಯ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಒಂದು ಲೆಕ್ಕ. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಬೇಕು. ನಿಮ್ಮ ಗೆಳತಿ ಕ್ಷಣದಲ್ಲಿ ಮುಗಿಸುತ್ತಾಳೆ: ಒಂದೂಮುಕ್ಕಾಲನ್ನು 7/4 ಮಾಡಿ, 1/2 ಅನ್ನು ತಲೆಕೆಳಗು ಮಾಡಿ ಗುಣಿಸಿದರೆ 7/2, ಅಂದರೆ ಮೂರೂವರೆ. ಉತ್ತರ ಸರಿ. ಈಗ ಅವಳನ್ನೇ ಕೇಳಿ, ‘ಈ ಲೆಕ್ಕ ಮಾಡಬೇಕಾಗಿ ಬರುವ ಒಂದು ಸಂದರ್ಭ ಹೇಳು ನೋಡೋಣ.’

ಈ ಪ್ರಶ್ನೆಯನ್ನು ನಾನು ವರ್ಷ ವರ್ಷವೂ ತರಗತಿಯಲ್ಲಿ ಇಟ್ಟಿದ್ದೇನೆ. ಮೊದಲು ಬರುವ ಕತೆ ಹೆಚ್ಚುಕಡಿಮೆ ಒಂದೇ: ಒಂದೂಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಸಮನಾಗಿ ಹಂಚುವುದು. ಅದು ಎರಡರಿಂದ ಭಾಗಿಸುವ ಕತೆ. ಒಬ್ಬೊಬ್ಬರ ಪಾಲಿಗೆ ಪೂರ್ತಿ ಒಂದು ರೊಟ್ಟಿಯೂ ಬರುವುದಿಲ್ಲ, ಮೂರೂವರೆ ಎಲ್ಲಿಂದ ಬಂದೀತು? ಹೀಗೆ ಕೇಳಿದಾಗ ಲೆಕ್ಕ ಬಿಡಿಸಿದವರೇ ಮೊದಲು ಮೌನವಾಗುತ್ತಾರೆ.

ಒಂದು ವರ್ಷ ಆ ಮೌನದ ನಡುವೆ, ಹಿಂದಿನ ಸಾಲಿನಲ್ಲಿದ್ದ, ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು ಹೇಳಿದಳು: ‘ಒಂದೂಮುಕ್ಕಾಲು ಸೇರು ರಾಗಿ ಇದೆ ಅನ್ನಿ. ನಮ್ಮಜ್ಜಿ ಅದನ್ನ ಅಚ್ಚೇರಲ್ಲಿ ಅಳೆದರೆ ಎಷ್ಟು ಸಲ ಬರುತ್ತೆ?’ ಅಚ್ಚೇರು ಎಂದರೆ ಅರ್ಧ ಸೇರು. ಆ ಹುಡುಗಿ ನಿಮ್ಮ ಹಾಗೆಯೇ ಕಲಾ ವಿಭಾಗದವಳು. ಗುಂಪು ಅಳೆಯತೊಡಗಿತು. ಮೂರು ಅಚ್ಚೇರು ತುಂಬಿತು, ಒಂದೂವರೆ ಸೇರು ಹೋಯಿತು. ಉಳಿದದ್ದು ಒಂದು ಪಾವು. ಪಾವು ಎಂದರೆ ಕಾಲು ಸೇರು. ಹಾಗಿದ್ದರೆ ಉತ್ತರ ಮೂರೂಕಾಲು ಆಗಬೇಕಲ್ಲ? ಸೂತ್ರ ಮೂರೂವರೆ ಎನ್ನುತ್ತದೆ, ರಾಗಿ ಮೂರೂಕಾಲು ಎನ್ನುತ್ತದೆ! ಗಣಿತ ಪದವೀಧರರೂ ಇದ್ದ ಆ ಗುಂಪು ಇಪ್ಪತ್ತು ನಿಮಿಷ ಅಲ್ಲೇ ಸಿಕ್ಕಿಕೊಂಡಿತು. ನಾನು ಬಾಯಿ ಹಾಕಲಿಲ್ಲ. ಬಿಡಿಸಿದ್ದು ಮತ್ತೆ ಅವಳೇ: ‘ಉಳಿದಿರೋದು ಸೇರಿಗೆ ಕಾಲು, ಅಚ್ಚೇರಿಗೆ ಅರ್ಧ. ನಾವು ಕೇಳ್ತಿರೋದು ಎಷ್ಟು ಅಚ್ಚೇರು ಅಂತ.’

ಭಿನ್ನರಾಶಿಯ ಭಾಗಾಕಾರದ ಇಡೀ ಮರ್ಮ ಆ ಒಂದು ಪಾವಿನಲ್ಲಿದೆ. ಯಾವುದನ್ನು ‘ಒಂದು’ ಎಂದು ಇಟ್ಟುಕೊಂಡಿದ್ದೇವೆ ಎಂಬುದು ಲೆಕ್ಕದ ನಡುವೆ ಬದಲಾಗುತ್ತದೆ. ಸೂತ್ರ ಅದನ್ನು ಮುಚ್ಚಿಡುತ್ತದೆ, ಸೇರು ಪಾವು ಅದನ್ನು ತೋರಿಸುತ್ತವೆ.

ಇದೇ ಲೆಕ್ಕವನ್ನು ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರ ಮುಂದೆ ಇಟ್ಟಿದ್ದರು. ಅವರ ಪುಸ್ತಕ 1999ರಲ್ಲಿ ಬಂತು. ಸರಿಯಾದ ಸಂದರ್ಭ ಕಟ್ಟಿದವರು ಅಮೆರಿಕದವರಲ್ಲಿ ಒಬ್ಬರೇ. ಚೀನಾದವರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಜನ ಕಟ್ಟಿದರು. ಚೀನಾದ ಶಿಕ್ಷಕರು ಅಮೆರಿಕದವರಿಗಿಂತ ಕಡಿಮೆ ವರ್ಷ ಓದಿದವರು, ಬಹುಪಾಲು ಜನ ಒಂಬತ್ತನೇ ತರಗತಿಯ ನಂತರ ಎರಡು ಮೂರು ವರ್ಷದ ಶಿಕ್ಷಕ ತರಬೇತಿ ಮುಗಿಸಿದವರು. ಆದರೆ ಅವರಿಗೆ ಶಾಲೆಯಲ್ಲೇ ಸಹೋದ್ಯೋಗಿಗಳ ಜೊತೆ ಕೂತು ಪಠ್ಯಪುಸ್ತಕ ಓದುವ, ಒಂದೇ ಲೆಕ್ಕಕ್ಕೆ ಹಲವು ದಾರಿ ಹುಡುಕಿ ಚರ್ಚಿಸುವ ರೂಢಿ ಇತ್ತು. ನಿಮ್ಮ ಕಾಲೇಜು ನಾಲ್ಕು ಜನರ ಗುಂಪು ಮಾಡುವುದು ಅಂಥ ರೂಢಿ ಬೆಳೆಯಲಿ ಎಂದೇ.

ಈಗ ನಿಮ್ಮ ಗುಂಪಿನಲ್ಲಿ ಆಗುತ್ತಿರುವುದು ಬೇರೆ. ಅಲ್ಲಿ ಉತ್ತರ ಹಂಚಿಕೆಯಾಗುತ್ತಿದೆ. ನಿಮ್ಮ ಗೆಳತಿಯನ್ನು ಒಂದು ಕೇಳಿಕೊಳ್ಳಿ: ಮೊದಲ ಐದು ನಿಮಿಷ ಯಾರೂ ಮಾತಾಡುವುದು ಬೇಡ, ಎಲ್ಲರೂ ತಮ್ಮ ತಮ್ಮ ಹಾಳೆಯಲ್ಲಿ ತೋಚಿದ್ದನ್ನು ಬರೆಯಲಿ, ಚಿತ್ರವಾದರೂ ಸರಿ. ಆಮೇಲೆ ಮೊದಲು ಮಾತಾಡುವವರು ಮುಗಿಸದೆ ಉಳಿದವರು. ಅವಳು ಹೇಳಿಕೊಡುವಾಗ ಪೆನ್ನು ನಿಮ್ಮ ಕೈಯಲ್ಲಿರಲಿ, ಅವಳ ಕೈಯಲ್ಲಿ ಬೇಡ. ಅವಳು ಹೇಳಿದ್ದು ಅರ್ಥವಾಯಿತು ಅನ್ನಿಸಿದ ಕೂಡಲೇ ಹಾಳೆ ಮುಚ್ಚಿ, ನಿಮ್ಮ ಮಾತಿನಲ್ಲಿ ಅವಳಿಗೇ ಹೇಳಿ. ಎಲ್ಲಿ ತೊದಲುತ್ತೀರೋ ಅಲ್ಲಿ ಇನ್ನೂ ಅರ್ಥವಾಗಿಲ್ಲ. ಹಾಸ್ಟೆಲಿಗೆ ಬರುವಷ್ಟರಲ್ಲಿ ಮರೆತುಹೋಗುವುದು ಆ ತೊದಲುವ ಜಾಗವೇ.

ಇನ್ನು ಯೋಗ್ಯತೆ. ನಾಳೆ ನಿಮ್ಮ ತರಗತಿಯಲ್ಲಿ ಕೂರುವ ಮೂವತ್ತು ಮಕ್ಕಳಲ್ಲಿ ನಿಮ್ಮ ಗೆಳತಿಯಂಥವರು ಇಬ್ಬರೋ ಮೂವರೋ. ಉಳಿದವರು ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬುದು ನಿಮಗೆ ಒಳಗಿನಿಂದ ಗೊತ್ತು, ಅವಳಿಗೆ ಅದನ್ನು ಹೊರಗಿನಿಂದ ಕಲಿಯಬೇಕು. ಅವಳಿಗೆ ಅದನ್ನು ಕಲಿಸಬಲ್ಲವರು ನೀವು.

ಡಯಟ್‌ನಲ್ಲಿ ಗಣಿತ ಉಪನ್ಯಾಸಕ. ಗುಂಪಿನಲ್ಲಿ ಸಮಸ್ಯೆ ಬಿಡಿಸಲು ಕೊಟ್ಟರೆ ಒಂದು ಅವಧಿಯಲ್ಲಿ ಒಂದು ಲೆಕ್ಕವೂ ಮುಗಿಯುವುದಿಲ್ಲ, ಪಠ್ಯಕ್ರಮ ಹಿಂದೆ ಬೀಳುತ್ತದೆ. ಸುಲಭದ ಲೆಕ್ಕ ಕೊಟ್ಟರೆ ಚರ್ಚೆಯೇ ಆಗುವುದಿಲ್ಲ. ಎಂಥ ಲೆಕ್ಕ ಕೊಡಬೇಕು?
— ಉಪನ್ಯಾಸಕರು, ಕಲಬುರಗಿ ವಿಭಾಗ

ಲೆಕ್ಕ ಆರಿಸುವುದರಲ್ಲೇ ನಿಮ್ಮ ಅರ್ಧ ಕೆಲಸ ಇದೆ. ಎಲ್ಲರೂ ಕಾಲಿಡಬಹುದಾದಷ್ಟು ತಗ್ಗಿನ ಹೊಸ್ತಿಲು, ಆದರೆ ಒಳಗೆ ಹೋದಷ್ಟೂ ಕೋಣೆಗಳಿರುವ ಮನೆ: ಅಂಥದ್ದು ಬೇಕು. ನಾನು ಹೆಚ್ಚು ಸಲ ಬಳಸಿದ್ದು ಇದು. 9 ಎಂದರೆ 4+5, ಅಥವಾ 2+3+4. 15 ಎಂದರೆ 7+8, 4+5+6, 1+2+3+4+5. ಹೀಗೆ ಒಂದರ ಹಿಂದೊಂದು ಬರುವ ಸ್ವಾಭಾವಿಕ ಸಂಖ್ಯೆಗಳ ಮೊತ್ತವಾಗಿ ಯಾವ ಯಾವ ಸಂಖ್ಯೆಗಳನ್ನು ಬರೆಯಬಹುದು, ಯಾವುದನ್ನು ಬರೆಯಲಾಗದು?

ಕೂಡಿಸಲು ಬಂದರೆ ಸಾಕು, ಶುರು ಮಾಡಬಹುದು. 1ನ್ನು ಬಿಟ್ಟರೆ ಬೆಸ ಸಂಖ್ಯೆಗಳೆಲ್ಲ ಸುಲಭ ಎಂದು ಒಂದು ಗುಂಪು ಬೇಗ ಕಂಡುಕೊಳ್ಳುತ್ತದೆ. ಮೂರರ ಗುಣಕಗಳಲ್ಲಿ ಇನ್ನೊಂದು ಗುಂಪಿಗೆ ಏನೋ ಕಾಣುತ್ತದೆ. ಸ್ವಲ್ಪ ಹೊತ್ತಿಗೆ 2, 4, 8, 16 ಮಾತ್ರ ಮೊಂಡು ಹಿಡಿದು ಉಳಿಯುತ್ತವೆ. ‘32 ಕೂಡ ಆಗಲಾರದು’ ಎಂದು ಯಾರೋ ಹೇಳುತ್ತಾರೆ. ಯಾಕೆ? ಪಾಠ ಅಲ್ಲಿಂದ ಶುರು. ಕಾರಣವನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತಿದ್ದರೂ ಪ್ರಶಿಕ್ಷಣಾರ್ಥಿಗಳಿಗೆ ಮೊದಲ ವಾರ ಹೇಳಬೇಡಿ. ನಮ್ಮ ನೆರೆಯ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ.ಆರ್. ಕಾಪ್ರೇಕರ್ ಅವರ 6174 ಕೂಡ ಹೀಗೆಯೇ ಕೆಲಸಕ್ಕೆ ಬರುತ್ತದೆ. ಎಲ್ಲವೂ ಒಂದೇ ಆಗಿರದ ನಾಲ್ಕು ಅಂಕಿಗಳನ್ನು ತೆಗೆದುಕೊಳ್ಳಿ. ಅವುಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯಿರಿ. ಬಂದ ಅಂಕಿಗಳಿಗೆ ಮತ್ತೆ ಹಾಗೆಯೇ ಮಾಡಿ. ಏಳು ಸುತ್ತಿನೊಳಗೆ 6174ಕ್ಕೆ ಬಂದು ನಿಲ್ಲುತ್ತೀರಿ. ಇದನ್ನು ಕಂಡವರು ಒಬ್ಬ ಶಾಲಾ ಶಿಕ್ಷಕರು ಎಂಬುದನ್ನು ಪ್ರಶಿಕ್ಷಣಾರ್ಥಿಗಳಿಗೆ ತಪ್ಪದೆ ಹೇಳಿ.

ಜಾರ್ಜ್ ಪೋಲ್ಯ 1945ರ ತಮ್ಮ ಪುಸ್ತಕದಲ್ಲಿ ಸಮಸ್ಯೆ ಬಿಡಿಸುವುದಕ್ಕೆ ನಾಲ್ಕು ಹಂತ ಹೇಳಿದರು: ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳುವುದು, ಉಪಾಯ ಹೂಡುವುದು, ಅದರಂತೆ ನಡೆಯುವುದು, ಹಿಂದಿರುಗಿ ನೋಡುವುದು. ಅವಧಿಯ ಗಂಟೆ ಹೊಡೆಯುವಾಗ ನಾವು ಸಾಮಾನ್ಯವಾಗಿ ಕೈಬಿಡುವುದು ನಾಲ್ಕನೆಯದನ್ನು. ಶಿಕ್ಷಕರಾಗುವವರಿಗೆ ಹೆಚ್ಚು ಬೇಕಾದದ್ದು ಅದೇ. ಅದಕ್ಕಾಗಿ ನಾನು ಒಂದು ನಿಯಮ ಮಾಡಿದ್ದೆ: ಕಪ್ಪುಹಲಗೆಯ ಮುಂದೆ ಬಂದವರು ತಮ್ಮ ವಿಧಾನ ಹೇಳುವ ಹಾಗಿಲ್ಲ, ಇನ್ನೊಂದು ಗುಂಪಿನವರ ವಿಧಾನ ಹೇಳಬೇಕು. ಅದಕ್ಕೆ ಮೊದಲು ಆ ಗುಂಪಿನ ಬಳಿ ಹೋಗಿ ಕೇಳಿಕೊಂಡು ಬರಬೇಕು. ಹೇಳಿ ಮುಗಿಸಿದ ಮೇಲೆ ಆ ಗುಂಪು ‘ಹೌದು, ನಾವು ಯೋಚಿಸಿದ್ದು ಹೀಗೇ’ ಅನ್ನಬೇಕು. ಮೊದಲ ತಿಂಗಳು ಹೆಚ್ಚಿನವರು ಅನ್ನಿಸಿಕೊಳ್ಳಲಿಲ್ಲ. ಇನ್ನೊಬ್ಬರು ಯೋಚಿಸಿದ್ದನ್ನು ಅವರು ಯೋಚಿಸಿದ ಹಾಗೆಯೇ ಹೇಳುವುದು ಅಷ್ಟು ಕಷ್ಟ, ಮಗುವಿನ ನೋಟ್‌ಬುಕ್ ತಿದ್ದುವವರಿಗೆ ಅಷ್ಟೇ ಅಗತ್ಯ.

ಪಠ್ಯಕ್ರಮದ ವಿಚಾರ ಚಿಕ್ಕದಾಗಿ: ವಾರಕ್ಕೆ ಒಂದು ಇಂಥ ಲೆಕ್ಕ ಸಾಕು. ಉಳಿದ ಅವಧಿಗಳಲ್ಲಿ ನಿಮ್ಮ ಪಾಠ ನಡೆಯಲಿ.

ನಮ್ಮ ತರಗತಿಯಲ್ಲಿ ಒಬ್ಬರು ಗುಂಪಿಗೆ ವಿವರಿಸುತ್ತಾ, ಸುತ್ತಳತೆ ಹೆಚ್ಚಾದರೆ ವಿಸ್ತೀರ್ಣವೂ ಹೆಚ್ಚಾಗುತ್ತದೆ ಎಂದರು. ಎಲ್ಲರೂ ಒಪ್ಪಿದೆವು. ಮೇಡಂ ಕೇಳಿಸಿಕೊಂಡರೂ ಸುಮ್ಮನಿದ್ದರು. ಅಭ್ಯಾಸ ಬೋಧನೆಯಲ್ಲಿ ಅದನ್ನೇ ಮಕ್ಕಳಿಗೆ ಹೇಳಿ ಅವಲೋಕಕರಿಂದ ಬೈಸಿಕೊಂಡೆ. ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಕಲಿಸುವುದು ಅಪಾಯವಲ್ಲವೇ?
— ಬಿ.ಇಡಿ ವಿದ್ಯಾರ್ಥಿನಿ, ಮಂಡ್ಯ

ಅಪಾಯವೇ. ನಿಮಗಾದ ಬೇಸರ ನ್ಯಾಯವಾದದ್ದು, ಅದನ್ನು ತೇಲಿಸಿ ಮಾತಾಡುವುದಿಲ್ಲ.

ಉಪನ್ಯಾಸಕರು ಆ ಕ್ಷಣ ಸುಮ್ಮನಿದ್ದದ್ದು ತಪ್ಪಲ್ಲ. ಅವಧಿ ಮುಗಿಯುವವರೆಗೂ, ಮರುದಿನವೂ ಸುಮ್ಮನಿದ್ದರೆ ತಪ್ಪು. ‘ತಪ್ಪು’ ಎಂದು ಹೇಳುವ ಅಗತ್ಯ ಕೂಡ ಇರಲಿಲ್ಲ. ಉದ್ದ 9, ಅಗಲ 1 ಇರುವ ಒಂದು ಆಯತ, ಬಾಹು 4 ಇರುವ ಒಂದು ಚೌಕ ಬರೆಯಲು ಹೇಳಿದ್ದರೆ ಸಾಕಿತ್ತು. ಆಯತದ ಸುತ್ತಳತೆ 20, ವಿಸ್ತೀರ್ಣ 9. ಚೌಕದ ಸುತ್ತಳತೆ 16, ವಿಸ್ತೀರ್ಣ 16. ನಿಮ್ಮ ಒಪ್ಪಿಗೆ ಆ ಹಾಳೆಯ ಮೇಲೆಯೇ ಮುರಿದು ಬೀಳುತ್ತಿತ್ತು. ಇಂಥ ಪ್ರತ್ಯುದಾಹರಣೆ ಕೈಯಲ್ಲಿ ಸಿದ್ಧವಾಗಿರುವುದು ಗುಂಪು ಕಲಿಕೆ ನಡೆಸುವ ಉಪನ್ಯಾಸಕರ ಹೊಣೆ. ನಾಲ್ಕು ಜನ ಒಪ್ಪಿದರು ಎಂಬುದು ಗಣಿತದಲ್ಲಿ ಸಾಧನೆಯಾಗುವುದಿಲ್ಲ, ನಲವತ್ತು ಜನ ಒಪ್ಪಿದರೂ ಅಷ್ಟೇ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಿಂದ ಬಳಸಿದ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಪ್ರಶ್ನೆ ಕೊಟ್ಟ ಮೇಲೆ ಪ್ರತಿಯೊಬ್ಬರೂ ಯಾರೊಂದಿಗೂ ಮಾತಾಡದೆ ತಮ್ಮ ಉತ್ತರ ಗುರುತಿಸಬೇಕು. ಬಳಿಕ ಪಕ್ಕದವರನ್ನು ಒಪ್ಪಿಸಲು ಯತ್ನಿಸಬೇಕು. ಆಮೇಲೆ ಮತ್ತೊಮ್ಮೆ ಉತ್ತರ. ಕೊನೆಗೆ ಅಧ್ಯಾಪಕರ ವಿವರಣೆ. ತರಗತಿಯಲ್ಲಿ ಬಹುತೇಕ ಯಾರಿಗೂ ಸರಿ ಉತ್ತರ ಗೊತ್ತಿಲ್ಲ ಎಂದು ಮೊದಲ ಸುತ್ತಿನಲ್ಲೇ ಕಂಡರೆ ಚರ್ಚೆಗೆ ಬಿಡಬಾರದು, ಅಧ್ಯಾಪಕರೇ ಮೊದಲು ಕಲಿಸಬೇಕು. ನಿಮ್ಮ ಗುಂಪಿನಲ್ಲಿ ಮೊದಲನೆಯದೂ ಇರಲಿಲ್ಲ, ಕೊನೆಯದೂ ಇರಲಿಲ್ಲ. ಒಬ್ಬರು ಧೈರ್ಯವಾಗಿ ಹೇಳಿದರು, ಉಳಿದವರು ತಲೆಯಾಡಿಸಿದರು.

ಇನ್ನು ಮುಂದೆ ಗುಂಪಿನಲ್ಲಿ ಯಾರು ಏನು ಹೇಳಿದರೂ, ‘ಇದು ಸುಳ್ಳಾಗುವ ಒಂದು ಉದಾಹರಣೆ ಹುಡುಕೋಣ’ ಎನ್ನುವವರು ನೀವಾಗಿ. ಹೇಳಿದವರಿಗೆ ಅವಮಾನ ಮಾಡಿದಂತಾಗುವುದಿಲ್ಲ, ಹೇಳಿಕೆ ನಿಜವಾಗಿದ್ದರೆ ಅದು ತಡೆದುಕೊಳ್ಳುತ್ತದೆ.

ನಿವೃತ್ತ ಅಂಚೆ ನೌಕರ. ಮಗಳು ಬಿ.ಇಡಿ ಓದುತ್ತಿದ್ದಾಳೆ. ‘ಇವತ್ತು ನಾವೇ ನಾವೇ ಕಲಿಸಿಕೊಂಡೆವು’ ಅನ್ನುತ್ತಾಳೆ. ಹಿಂದೆ ಕೂಲಿಮಠಗಳಲ್ಲಿ ಐಗಳು ದೊಡ್ಡ ಹುಡುಗರಿಂದ ಚಿಕ್ಕವರಿಗೆ ಮಗ್ಗಿ ಹೇಳಿಸುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು. ಹೊಸ ಹೆಸರಿನಲ್ಲಿ ಅದೇ ತಾನೇ? ಟಿಇಟಿಗೆ ಇದರಿಂದ ಏನಾದರೂ ಉಪಯೋಗ ಉಂಟೇ?
— ಶಿವಮೊಗ್ಗ

ನಿಮ್ಮ ತಂದೆ ಹೇಳಿದ ಪದ್ಧತಿಗೆ ದೊಡ್ಡ ಚರಿತ್ರೆಯೇ ಇದೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್, ನಮ್ಮ ದಕ್ಷಿಣದ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು ತಮ್ಮ ಶಾಲೆಗೆ ತಂದರು. ಹುಡುಗರಿಂದಲೇ ಹುಡುಗರಿಗೆ ಪಾಠ ಮಾಡಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಿಕೆ ಪ್ರಕಟಿಸಿದರು. ಮದರಾಸು ಪದ್ಧತಿ ಎಂಬ ಹೆಸರಿನಲ್ಲೇ ಅದು ಇಂಗ್ಲೆಂಡಿನಲ್ಲಿ ಹರಡಿತು. ಕಡಿಮೆ ಶಿಕ್ಷಕರಿಂದ ಹೆಚ್ಚು ಮಕ್ಕಳಿಗೆ ಪಾಠ ತಲುಪಿಸುವುದು ಅದರ ಗುರಿ. ದೊಡ್ಡ ಹುಡುಗ ತಾನು ಕಲಿತದ್ದನ್ನು ಹಾಗೆಯೇ ಚಿಕ್ಕವನಿಗೆ ದಾಟಿಸಬೇಕು. ನಿಮ್ಮ ಮಗಳ ತರಗತಿಯಲ್ಲಿ ಯಾರಿಗೂ ಮೊದಲೇ ಗೊತ್ತಿಲ್ಲದ ಲೆಕ್ಕವನ್ನು ಎಲ್ಲರೂ ಸೇರಿ ಬಿಡಿಸಿ, ಬಿಡಿಸಿದ ದಾರಿಯನ್ನು ಒಬ್ಬರಿಗೊಬ್ಬರು ತೋರಿಸಬೇಕು. ಎರಡೂ ಬೇರೆ ಕೆಲಸ. ಆದರೂ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾಯಲ್ಲಿದ್ದ ನಿಮ್ಮ ತಂದೆಯ ತಲೆಮಾರಿನವರು ನನ್ನ ತರಗತಿಯಲ್ಲಿ ಇದ್ದಿದ್ದರೆ ಅಚ್ಚೇರಿನ ಲೆಕ್ಕಕ್ಕೆ ಇಪ್ಪತ್ತು ನಿಮಿಷ ಬೇಕಾಗುತ್ತಿರಲಿಲ್ಲ.

ಟಿಇಟಿಗೆ ಬೇರೆಯಾಗಿಯೇ ಅಭ್ಯಾಸ ಮಾಡಲಿ. ಅದರಲ್ಲಿ ವೇಗ ಬೇಕು, ಇದರಲ್ಲಿ ನಿಧಾನ ಬೇಕು.

ಇಪ್ಪತ್ತೆರಡು ವರ್ಷದಿಂದ ಪ್ರಾಥಮಿಕ ಶಾಲಾ ಶಿಕ್ಷಕ. ತರಬೇತಿಗೆ ಕರೆದಾಗ ಹೊಸದಾಗಿ ಸೇರಿದ ಹುಡುಗ ಹುಡುಗಿಯರ ಜೊತೆ ಗುಂಪಿನಲ್ಲಿ ಕೂರಿಸಿ ಲೆಕ್ಕ ಕೊಡುತ್ತಾರೆ. ಬರದಿದ್ದರೆ ಅವರ ಎದುರು ತಲೆ ತಗ್ಗಿಸಬೇಕು. ಹೀಗಾಗಿ ನಾನು ಗುಂಪಿನ ವರದಿ ಬರೆಯುವ ಕೆಲಸ ವಹಿಸಿಕೊಂಡು ತಪ್ಪಿಸಿಕೊಳ್ಳುತ್ತೇನೆ.
— ವಿಜಯಪುರ ಜಿಲ್ಲೆ

ಮೇಷ್ಟ್ರೇ, ಇಷ್ಟು ನೇರವಾಗಿ ಬರೆದದ್ದಕ್ಕೆ ನಿಮಗೆ ನಮಸ್ಕಾರ. ನಾನೂ ಒಂದು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು, ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಯಾಕೆ ಆಗುತ್ತದೆ ಎಂದು ಕೇಳಿದಳು. ‘ಅದು ನಿಯಮ, ಬರೆದುಕೋ’ ಎಂದೆ. ಅವಳು ಬರೆದುಕೊಂಡಳು. ಆಮೇಲೆ ಆ ವರ್ಷವೆಲ್ಲ ಅವಳು ಏನನ್ನೂ ಕೇಳಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಕೆಲವು ವರ್ಷದ ನಂತರ ಒಂದು ತರಬೇತಿಯಲ್ಲಿ ನನಗಿಂತ ಬಹಳ ಚಿಕ್ಕವನೊಬ್ಬ ಕಾಗದದ ಮೇಲೆ ಬರೆದು ತೋರಿಸಿದ: −3ನ್ನು 2ರಿಂದ ಗುಣಿಸಿದರೆ −6, 1ರಿಂದ −3, 0ಯಿಂದ 0. ಒಂದೊಂದು ಮೆಟ್ಟಿಲಿಗೂ ಮೂರು ಏರುತ್ತಿದೆ. ಮುಂದಿನ ಮೆಟ್ಟಿಲು −1, ಅಲ್ಲಿ 3 ಬರದೆ ಇನ್ನೇನು ಬರಬೇಕು? ಆ ಸಂಜೆ ನನಗೆ ನೆನಪಾದದ್ದು ಆ ಹುಡುಗಿಯ ಮುಖ. ಅವಳಿಗೆ ಈ ಉತ್ತರ ತಲುಪಿಸಲು ನನ್ನಿಂದ ಆಗಲೇ ಇಲ್ಲ.

ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಸೇರಿ ಒಂದು ಪಾಠ ಸಿದ್ಧಪಡಿಸುತ್ತಾರೆ, ಒಬ್ಬರು ಅದನ್ನು ಮಕ್ಕಳಿಗೆ ಮಾಡುತ್ತಾರೆ, ಉಳಿದವರು ಕೂತು ನೋಡುತ್ತಾರೆ. ಬಳಿಕದ ಚರ್ಚೆ, ಮಕ್ಕಳು ಎಲ್ಲಿ ಯೋಚಿಸಿದರು, ಎಲ್ಲಿ ನಿಂತರು ಎಂಬುದರ ಬಗ್ಗೆ. ಪಾಠ ಎಲ್ಲರದೂ ಆದ್ದರಿಂದ ಸೋತರೆ ಒಬ್ಬರ ತಲೆಗೆ ಬರುವುದಿಲ್ಲ. ನಮ್ಮ ತರಬೇತಿಗಳಲ್ಲಿ ಈ ಭರವಸೆ ಕೊಡುವುದು ಸಂಪನ್ಮೂಲ ವ್ಯಕ್ತಿಗಳ ಕೆಲಸ; ಅವರು ಕೊಡದಿದ್ದರೆ ಅದು ಅವರ ಲೋಪ, ನಿಮ್ಮದಲ್ಲ. ಮುಂದಿನ ಸಲ ವರದಿಯ ಹಾಳೆ ಬೇರೆಯವರಿಗೆ ಕೊಡಿ. ಲೆಕ್ಕ ಬರದಿದ್ದರೆ, ‘ನಮ್ಮ ನಾಲ್ಕನೇ ತರಗತಿಯ ಮಕ್ಕಳು ಇಲ್ಲಿ ಏನು ತಪ್ಪು ಮಾಡುತ್ತಾರೆ ಗೊತ್ತೇ’ ಎಂದು ಶುರು ಮಾಡಿ. ಇಪ್ಪತ್ತೆರಡು ವರ್ಷ ಮಕ್ಕಳ ನೋಟ್‌ಬುಕ್ ನೋಡಿದವರಿಗೆ ಗೊತ್ತಿರುವುದು ಆ ಹುಡುಗ ಹುಡುಗಿಯರಿಗೆ ಬೇರೆಲ್ಲೂ ಸಿಗುವುದಿಲ್ಲ.

ಇಂಗ್ಲಿಷ್ ಮಾಧ್ಯಮದಲ್ಲಿ ಬಿ.ಎಸ್ಸಿ ಮಾಡಿದವನು. ಸಹಪಾಠಿಗಳಿಗೆ ಕನ್ನಡದಲ್ಲಿ ವಿವರಿಸುವಾಗ ಅಂಶ, ಛೇದ ಇವು ಅದಲು ಬದಲಾಗುತ್ತವೆ.
— ಬಿ.ಇಡಿ ವಿದ್ಯಾರ್ಥಿ, ಬೆಂಗಳೂರು

ಪಾರಿಭಾಷಿಕ ಪದ ಎರಡು ವಾರದಲ್ಲಿ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಪತ್ರಿಕೆಯಲ್ಲಿ ‘ಮೂರನೇ ಎರಡರಷ್ಟು ಬಹುಮತ’ ಎಂದು ಓದುತ್ತೀರಲ್ಲ, ಅಲ್ಲಿ ಛೇದ ಮೊದಲು ಬರುತ್ತದೆ. ಮೊದಲು ಮೂರು ಪಾಲು ಮಾಡು, ಆಮೇಲೆ ಎರಡು ತೆಗೆದುಕೋ. ಬರೆಯುವಾಗ ಮಾತ್ರ ನಾವು ಮೇಲಿನ ಎರಡರಿಂದ ಶುರು ಮಾಡುತ್ತೇವೆ. ಮಗು ಕಾಗದ ಮಡಚುವ ಕ್ರಮ, ಕನ್ನಡ ಹೇಳುವ ಕ್ರಮ ಎರಡೂ ಒಂದೇ. ಇದನ್ನು ಬಳಸಿಕೊಳ್ಳಿ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ, ಲೆಕ್ಕ ಹೇಳುವುದು ಈ ಭಾಷೆಗೆ ಹೊಸದಲ್ಲ.

ಏಕೋಪಾಧ್ಯಾಯ ಶಾಲೆಗೆ ನೇಮಕವಾಗಿದೆ. ತರಬೇತಿಯಲ್ಲಿ ಗೆಳೆಯರ ಜೊತೆ ಲೆಕ್ಕ ಬಿಡಿಸುತ್ತಿದ್ದ ಆ ಎರಡು ವರ್ಷ ತುಂಬಾ ನೆನಪಾಗುತ್ತದೆ. ಇಲ್ಲಿ ಮಾತಾಡಲು ಯಾರೂ ಇಲ್ಲ.
— ಶಿಕ್ಷಕಿ, ಉತ್ತರ ಕನ್ನಡ

ನಿಮ್ಮ ಪತ್ರ ಎರಡು ಸಲ ಓದಿದೆ. ಕ್ಲಸ್ಟರ್ ಸಮಾಲೋಚನಾ ಸಭೆಗೆ ಹೋದಾಗ ಸುತ್ತೋಲೆಗಳೆಲ್ಲ ಮುಗಿದ ಮೇಲೆ ಹದಿನೈದು ನಿಮಿಷ ಕೇಳಿ. ಸಿಆರ್‌ಪಿ ಒಪ್ಪದಿದ್ದರೆ ಊಟದ ಹೊತ್ತಿನಲ್ಲಿ ಪಕ್ಕ ಕೂತವರಿಗೆ ಒಂದು ಲೆಕ್ಕ ಕೊಡಿ. ಹಳೆಯ ಗುಂಪಿನ ಒಬ್ಬ ಗೆಳತಿಯ ಜೊತೆ ಒಪ್ಪಂದ ಮಾಡಿಕೊಳ್ಳಿ: ಪ್ರತಿ ಶನಿವಾರ ಫೋನಿನಲ್ಲಿ ಒಂದು ಲೆಕ್ಕ, ಉತ್ತರ ಕಳಿಸುವ ಹಾಗಿಲ್ಲ, ತಾನು ಎಲ್ಲಿ ಸಿಕ್ಕಿಕೊಂಡೆ ಎಂಬುದನ್ನು ಮೊದಲು ಹೇಳಬೇಕು.

ಮೊದಲ ಶನಿವಾರಕ್ಕೆ ನನ್ನ ಕಡೆಯಿಂದ ಒಂದು. ಒಂಬತ್ತನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳಿವೆ. 139ನ್ನು 109ರಿಂದ ಗುಣಿಸಿ ನೋಡಿ, 15151 ಬರುತ್ತದೆ. ಈಗ ನಾಲ್ಕಂಕಿಯ ಇಂಥ ಸಂಖ್ಯೆ ಯಾವುದನ್ನಾದರೂ ತೆಗೆದುಕೊಳ್ಳಿ: 2332, 7007, 4884. ಎಲ್ಲವೂ 11ರಿಂದ ಶೇಷವಿಲ್ಲದೆ ಭಾಗವಾಗುತ್ತವೆ. ಮೂರಂಕಿಯವು ಹಾಗಲ್ಲ, 121 ಆಗುತ್ತದೆ, 131 ಆಗುವುದಿಲ್ಲ. ಯಾಕೆ? ನಿಮ್ಮ ಐದನೇ ತರಗತಿಯ ಮಕ್ಕಳಿಗೂ ಕೊಡಿ, ಅವರು ಏನು ಹೇಳಿದರೆಂದು ನನಗೆ ಬರೆಯಿರಿ.